ಟೀ ಶರ್ಟಿನ ಕೌದಿ, ಒಳಗಿನ ನೀಲಿ ಅಂಗಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಹೆಂಗಸರು ಒಂದು ಭಾನುವಾರ ಸಂಜೆ ಕರೆದು, ಹಳೇ ಬಟ್ಟೆಯ ಹೊದಿಕೆ ಕೌದಿಯ ಬಗ್ಗೆ ಮಾತಾಡಿಸಿದ್ದರು. ಬಂದವರೂ ಬರಲಾಗದವರೂ ಆಮೇಲೆ ಕೇಳಿದ್ದಕ್ಕೆ ಅಂದು ಆಡಿದ್ದನ್ನು ಬರೆದಿದ್ದೇನೆ. ಚಹಾ ಬಂದಾಗ ಆಡಿದ್ದನ್ನು ಮಾತ್ರ ಬಿಟ್ಟಿದ್ದೇನೆ.

ಮೊದಲು ಇವೆರಡನ್ನು ಕೈಯಿಂದ ಕೈಗೆ ದಾಟಿಸಿ. ಒಂದು ನಮ್ಮವ್ವ ಹೊಲಿದ ಕೌದಿ. ಇನ್ನೊಂದು ನಾನು ಮಗಳಿಗೆ ಹೊಲಿದದ್ದು, ಪೂರ್ತಿ ಹಳೇ ಟೀ ಶರ್ಟಿನದ್ದು. ಇದನ್ನು ತೋರಿಸಲಿಕ್ಕೆ ಅಂತಲೇ ಅವಳ ಹತ್ತಿರ ಒಂದು ವಾರಕ್ಕೆ ಕೇಳಿ ತಂದಿದ್ದೇನೆ. ನೋಡೋದು ಆಮೇಲೆ, ಮೊದಲು ಮುಟ್ಟಿ. ಟೀ ಶರ್ಟಿನದರಲ್ಲಿ ಎಡಗಡೆ ಕೆಳಮೂಲೆ ಹಿಡಿದರೆ ಒಳಗೆ ಒಂದು ಗಂಟು ಸಿಗುತ್ತದೆ. ಹೊಲಿಗೆ ತಪ್ಪಿದೆ ಅಂದುಕೊಳ್ಳಬೇಡಿ. ತಪ್ಪೇನೋ ಹೌದು, ಹೊಲಿಗೆಯದ್ದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ಒಂದು ಬೆಡ್‌ರೂಮಿನ ಮನೆ. ಮಗಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿ ಹೋಗುವಾಗ ಕಪಾಟಿನ ಒಂದು ಖಾನೆ ತುಂಬಾ ಟೀ ಶರ್ಟು ಬಿಟ್ಟು ಹೋದಳು. "ಹಾಕ್ಕೊಳ್ಳಲ್ಲ, ಆದ್ರೆ ಎಸೀಬೇಡ" ಅಂದಳು. ಎಣಿಸಿದೆ. ಮೂವತ್ತೇಳು! ಈ ಊರಲ್ಲಿ ಟೀ ಶರ್ಟು ಯಾರೂ ಕೊಳ್ಳುವುದೇ ಬೇಡ, ತಾನಾಗಿ ಮನೆ ಸೇರುತ್ತದೆ. ಗಣಪತಿ ಮಂಡಳದ್ದು, ಸೊಸೈಟಿ ಕ್ರಿಕೆಟ್ಟಿನದ್ದು, ಕಾಲೇಜು ಫೆಸ್ಟಿನದ್ದು, ಜನವರಿ ಮ್ಯಾರಥಾನಿನದ್ದು. ಒಂದೊಂದರ ಬೆನ್ನ ಮೇಲೂ ಅಂಗಡಿ ಅಂಗಡಿಯ ಜಾಹೀರಾತು.

ನಮ್ಮ ಬಾಗಿಲಿಗೆ ಈಗಲೂ ಬೋಹಾರೀಣ ಬರುತ್ತಾಳೆ. ಗೊತ್ತಲ್ಲ, ಹಳೇ ಬಟ್ಟೆ ತಗೊಂಡು ಪಾತ್ರೆ ಕೊಡುವವಳು. ಸೀರೆ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಾಳೆ. ಪ್ಯಾಂಟಿಗೂ ಬೆಲೆ ಇದೆ. ಟೀ ಶರ್ಟನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಇಟ್ಟಳು. ಅಷ್ಟಕ್ಕೂ ಸೇರಿಸಿ ಒಂದು ಸಣ್ಣ ಸ್ಟೀಲ್ ಡಬ್ಬಿ ಅಂದಳು. ನನಗೆ ಸಿಟ್ಟು ಬಂತು. ಬೇಡ ಹೋಗು, ನಾನೇ ಕೌದಿ ಹೊಲೀತೀನಿ ಅಂದೆ. ಶುರುವಾದದ್ದು ಹೀಗೆ. ನೆನಪು ಕಾಪಿಡಬೇಕು ಅಂತೆಲ್ಲ ದೊಡ್ಡ ಯೋಚನೆ ಏನೂ ಇರಲಿಲ್ಲ.

ಮಂಗಳೂರು, ಉಡುಪಿ ಕಡೆಯ ಅಕ್ಕಂದಿರು ಕೌದಿ ಅಂದ್ರೇನು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ನಿಮ್ಮ ಸೆಕೆಯಲ್ಲಿ ಅದು ಬೇಕಾಗಿರಲಿಕ್ಕಿಲ್ಲ. ಇಲ್ಲಿಯ ಮರಾಠಿಯವರ ಮನೆಯಲ್ಲಿ ಗೋಧಡಿ ನೋಡಿದ್ದೀರಲ್ಲ, ಅದರ ಅಕ್ಕ ಅಂದುಕೊಳ್ಳಿ. ಹಳೇ ಸೀರೆ, ಧೋತರ, ಕುಪ್ಪಸದ ತುಂಡು, ಎಲ್ಲ ಪದರ ಪದರ ಹಾಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಹೊಲಿಗೆ ಹಾಕುತ್ತಾ ಹೋಗುವುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಇದಕ್ಕೆ ಕವಂದಿ ಅನ್ನುತ್ತಾರೆ. ಅವರ ಹಿರಿಯರು ಆಫ್ರಿಕಾದವರು. ಅವರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದಿದ್ದರು. ಆ ಹೆಂಗಸರ ಹೊಲಿಗೆಯ ದಾರಿಯೇ ಬೇರೆ. ಅಂಚಿನಲ್ಲಿ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ನಿಲ್ಲುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವು ಇಡುತ್ತಾರೆ, ಅದಕ್ಕೆ ಫೂಲ ಅಂತಲೇ ಹೆಸರು. ಒಮ್ಮೆ ನೋಡಿದರೆ ನಮ್ಮವ್ವನ ನೆಟ್ಟ ಸಾಲಿನ ಹೊಲಿಗೆ ಸಪ್ಪೆ ಅನಿಸುತ್ತದೆ. ಅವ್ವ ಇದ್ದಿದ್ದರೆ ಹೀಗೆ ಹೇಳಲು ಬಿಡುತ್ತಿರಲಿಲ್ಲ ಬಿಡಿ.

ನಮ್ಮದು ಗದಗಿನ ಕಡೆ. ಅಪ್ಪ ಮುಂಬೈಯ ಪರೇಲಿನ ಬಟ್ಟೆ ಮಿಲ್ಲಿನಲ್ಲಿದ್ದರು. ಚಾಳಿನ ಖೋಲಿಯಲ್ಲಿ ಕೌದಿ ಹಾಸಲು ಜಾಗ ಇರಲಿಲ್ಲ. ಅವ್ವ ಮಧ್ಯಾಹ್ನ ಹೊರಗಿನ ಓಣಿಯಲ್ಲಿ ಹಾಸಿಕೊಂಡು ಕೂರುತ್ತಿದ್ದಳು. ದಾಟಿ ಹೋಗುವವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿನಲ್ಲಿ ಹೋಗುತ್ತಿದ್ದರು. ಆಗ ಮಿಲ್ಲಿನಿಂದ ಫೆಂಟು ಬರುತ್ತಿತ್ತು. ಅಂದರೆ ಥಾನಿನಲ್ಲಿ ಉಳಿದ ಗಿಡ್ಡ ತುಂಡು, ಅಗ್ಗಕ್ಕೆ ಸಿಗುತ್ತಿತ್ತು. ಅದು ಕೌದಿಯ ಬೆನ್ನಿಗೆ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮಿಲ್ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಬಹಳ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ, ಅಪ್ಪನೂ ಅವರಲ್ಲೊಬ್ಬರು. ಫೆಂಟು ನಿಂತಿತು. ಈಗ ನಿಮ್ಮ ಕೈಯಲ್ಲಿರುವ ಅವ್ವನ ಕೌದಿಯನ್ನು ತಿರುಗಿಸಿ. ಬೆನ್ನಿಗೆ ಒಂದೇ ಬಟ್ಟೆ ಇಲ್ಲ, ಎಂಟು ತುಂಡು ಕೂಡಿಸಿದೆ. ಬೆನ್ನು ನೋಡಿ ನಾನು ಹೇಳಬಲ್ಲೆ, ಇದು ಮುಷ್ಕರದ ನಂತರದ್ದು.

ಕೌದಿಗೆ ಅವ್ವ ಹೇಳುತ್ತಿದ್ದ ಲೆಕ್ಕ ಇಷ್ಟೇ. ಮೇಲೆ ಚೆಂದದ್ದು. ಕೆಳಗೆ ಗಟ್ಟಿಯದ್ದು. ನಡುವೆ ಹರಿದದ್ದು, ಮಾಸಿದ್ದು, ನಾಲ್ಕು ಮಂದಿಗೆ ತೋರಿಸಲು ಆಗದ್ದು. ಈ ಮಾತು ನೆನಪಿರಲಿ. ನಾನು ಎಡವಿದ್ದು ಇಲ್ಲೇ.

ಈಗ ಟೀ ಶರ್ಟಿಗೆ ಬರೋಣ. ಹದಿನೆಂಟು ವರ್ಷ ರವಿಕೆ ಹೊಲಿದಿದ್ದೇನೆ, ಇದೇನು ಮಹಾ ಅಂದುಕೊಂಡೆ. ಆರು ಶರ್ಟು ಚೌಕ ಕತ್ತರಿಸಿದೆ, ಜೋಡಿಸಿ ಮಷೀನಿಗೆ ಕೊಟ್ಟೆ. ಹೊರಗೆ ಬಂದದ್ದು ಹುರಿದ ಹಪ್ಪಳ. ಅಂಚೆಲ್ಲ ಅಲೆ ಅಲೆ. ಒಂದು ಚೌಕ ಹದಿಮೂರು ಇಂಚು, ಪಕ್ಕದ್ದು ಹದಿನಾಲ್ಕೂವರೆ. ಎರಡೂ ಒಂದೇ ಅಳತೆಗೆ ನಾನೇ ಕತ್ತರಿಸಿದ್ದು!

ಕಾರಣ ಬಟ್ಟೆಯ ಹುಟ್ಟಿನಲ್ಲಿದೆ. ನಾವು ಹಾಸುಹೊಕ್ಕು ಅನ್ನುತ್ತೇವಲ್ಲ, ಅದು ಸೀರೆಗೆ, ಧೋತರಕ್ಕೆ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು, ಎರಡೂ ಒಂದನ್ನೊಂದು ಹಿಡಿದಿರುತ್ತವೆ. ಟೀ ಶರ್ಟಿಗೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಅದು ನೇಯ್ದದ್ದಲ್ಲ, ಹೆಣೆದದ್ದು. ಸ್ವೆಟರಿನ ಹಾಗೆ ಕುಣಿಕೆಗೆ ಕುಣಿಕೆ. ಮನೆಯಲ್ಲಿ ಒಂದು ಹಳೇ ಟೀ ಶರ್ಟು ಕತ್ತರಿಸಿ ನೋಡಿ. ಅಡ್ಡಕ್ಕೆ ಎಳೆದರೆ ಬಹಳ ಹಿಗ್ಗುತ್ತದೆ, ಉದ್ದಕ್ಕೆ ಕಡಿಮೆ. ಬಿಟ್ಟ ತಕ್ಷಣ ಪಕ್ಕದ ಅಂಚು ಹಿಂದಕ್ಕೆ ಸುರುಳಿ ಸುತ್ತುತ್ತದೆ, ಮೇಲಿನ ಕೆಳಗಿನ ಅಂಚು ಮುಂದಕ್ಕೆ. ಒಂದೇ ತುಂಡು, ಎರಡು ಕಡೆಗೆ ಎರಡು ಬುದ್ಧಿ. ಸುಮ್ಮನೆ ಮೇಜಿನ ಮೇಲೆ ಇಟ್ಟರೂ ಹಾವಿನ ಮರಿ ಹಾಗೆ ಸುತ್ತಿಕೊಳ್ಳುತ್ತಾ ಇರುತ್ತದೆ.

ಇದನ್ನು ಸುಮ್ಮನಿರಿಸಲು ಬೆನ್ನಿಗೆ ಫ್ಯೂಸಿಂಗ್ ಬೇಕು, ಅಂದರೆ ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ. ಕಾಲರಿಗೆ, ರವಿಕೆಯ ಕುತ್ತಿಗೆಗೆ ಹಾಕುತ್ತೇವಲ್ಲ, ಅದೇ. ಗಟ್ಟಿ ಬಕ್ರಂ ತರಬೇಡಿ, ಹೊದ್ದರೆ ರಟ್ಟು ಹೊದ್ದ ಹಾಗೆ ಆಗುತ್ತದೆ. ತೀರಾ ತೆಳ್ಳಗಿನದು ಕೇಳಿ. ಒಂದು ಬದಿ ಕೈಯಾಡಿಸಿದರೆ ಸಣ್ಣ ಸಣ್ಣ ಚುಕ್ಕೆ ಹತ್ತುತ್ತದೆ. ಅದು ಅಂಟು, ಆ ಬದಿ ಶರ್ಟಿನ ಒಳಮೈಗೆ.

ಇನ್ನು ಕ್ರಮ. ಶರ್ಟನ್ನು ಒಗೆಯಿರಿ, ಕಂಫರ್ಟ್ ಗಿಂಫರ್ಟ್ ಹಾಕಬೇಡಿ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಪಕ್ಕದ ಹೊಲಿಗೆಗುಂಟ ಕತ್ತರಿಸಿ ಮುಂಭಾಗ, ಬೆನ್ನು ಬೇರೆ ಮಾಡಿ. ತೋಳು ತೆಗೆಯಿರಿ. ಈಗಲೇ ಚೌಕ ಕತ್ತರಿಸಬೇಡಿ. ಎಲ್ಲರೂ ತಪ್ಪುವುದು ಇಲ್ಲಿಯೇ. ಮೊದಲು 15 ಇಂಚಿನ ಫ್ಯೂಸಿಂಗ್ ತುಂಡು ಅಂಟಿಸಿ, ಪೂರ್ತಿ ಆರಲಿ, ಆಮೇಲೆ 13 ಇಂಚಿನ ರಟ್ಟಿನ ಅಚ್ಚು ಇಟ್ಟು ಗೆರೆ ಎಳೆದು ಕತ್ತರಿಸಿ. ಸುತ್ತಲೂ ಅರ್ಧ ಇಂಚು ಮಾರ್ಜಿನ್ ಹೋದರೆ 12 ಇಂಚಿನ ಚೌಕ ಉಳಿಯುತ್ತದೆ.

ಇಸ್ತ್ರಿಯ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇಲ್ಲಿ ನನ್ನ ಒಂದು ಶರ್ಟು ಬಲಿಯಾಗಿದೆ. ಶರ್ಟು ಬೋರಲು ಹಾಕಿ, ಮೇಲೆ ಫ್ಯೂಸಿಂಗ್, ಅದರ ಮೇಲೆ ಒದ್ದೆ ಹಿಂಡಿದ ತೆಳ್ಳಗಿನ ಬಟ್ಟೆ. ಇಸ್ತ್ರಿಪೆಟ್ಟಿಗೆಯನ್ನು ಎಳೆಯಬೇಡಿ, ಒತ್ತಿ ಎತ್ತಿ. ಒಂದು ಕಡೆ ಹತ್ತು ಹದಿನೈದು ಸೆಕೆಂಡು. ಎಳೆದರೆ ಕೆಳಗಿನ ಬಟ್ಟೆ ಹಿಗ್ಗುತ್ತದೆ, ಹಿಗ್ಗಿದ್ದು ಹಾಗೇ ಅಂಟುತ್ತದೆ. ಇನ್ನು ಪ್ರಿಂಟು. ಟೀ ಶರ್ಟಿನ ದಪ್ಪ ಪ್ರಿಂಟು ಅಂದರೆ ಪ್ಲಾಸ್ಟಿಕ್ಕೇ, ಬಿಸಿಗೆ ಮೆತ್ತಗಾಗುತ್ತದೆ. ಬೋರಲು ಹಾಕಿದಾಗ ಅದು ಕೆಳಗಿನ ಹಾಸಿಗೆಗೆ ಹಿಡಿಯುತ್ತದೆ. ಅದಕ್ಕೇ ಅಡಿಗೆ ಬಟರ್ ಪೇಪರ್ ಇಡಬೇಕು. ನಾನು ಅವಸರದಲ್ಲಿ ಒಂದು ಸಲ ಮಡಿಕೆ ಬಿಡಿಸಲು ನೇರ ಪ್ರಿಂಟಿನ ಮೇಲೇ ಇಸ್ತ್ರಿ ಎಳೆದೆ. ಮಗಳ ಶಾಲೆಯ ಕ್ರೀಡಾಕೂಟದ ಶರ್ಟು. ಅರ್ಧ ಹೆಸರು ಪೆಟ್ಟಿಗೆಯ ತಳಕ್ಕೆ ಬಂತು, ಅರ್ಧ ಅಂಗಿಯಲ್ಲೇ ಉಳಿಯಿತು. ಉಳಿದ ಅರ್ಧವನ್ನೇ ಹೊಲಿದಿದ್ದೇನೆ, ಮೂರನೇ ಸಾಲಿನಲ್ಲಿದೆ. ಓದಿ ನಗಬೇಡಿ.

ಮ್ಯಾರಥಾನಿನ ಶರ್ಟುಗಳು ಇನ್ನೊಂದು ಜಾತಿ. ಅವು ಹೆಚ್ಚಾಗಿ ಪಾಲಿಯೆಸ್ಟರ್, ಜಾರುತ್ತವೆ, ಹೊಳೆಯುತ್ತವೆ. ಕಾಟನ್ನಿನ ಬಿಸಿ ತಾಗಿಸಿದರೆ ಮುದುಡಿಯೇ ಹೋಗುತ್ತವೆ. ಕಡಿಮೆ ಬಿಸಿ, ಜಾಸ್ತಿ ತಾಳ್ಮೆ.

ಮಷೀನಿಗೆ ಬಾಲ್ ಪಾಯಿಂಟ್ ಸೂಜಿ ಹಾಕಿ, 14 ನಂಬರು. ಅದರ ತುದಿ ಉರುಟು, ಕುಣಿಕೆಯನ್ನು ಹರಿಯದೆ ಪಕ್ಕಕ್ಕೆ ಸರಿಸಿ ಹೋಗುತ್ತದೆ. ಚೂಪು ಸೂಜಿ ಕುಣಿಕೆಯನ್ನೇ ಕತ್ತರಿಸುತ್ತದೆ. ಎರಡು ಒಗೆತಕ್ಕೆ ಹೊಲಿಗೆಗುಂಟ ತೂತು ಕಾಣುತ್ತದೆ.

ಚೌಕಕ್ಕೆ ಚೌಕ ನೇರ ಜೋಡಿಸಬಹುದು. ನನಗೆ ನಡುವೆ ಕಾಟನ್ ಪಟ್ಟಿ ಇದ್ದರೆ ಇಷ್ಟ. ಇಲ್ಲದಿದ್ದರೆ ಎಲ್ಲ ಪ್ರಿಂಟೂ ಒಟ್ಟಿಗೆ ಕಿರುಚುತ್ತವೆ, ಗಣಪತಿಯ ಪಕ್ಕದಲ್ಲೇ ಗಿಟಾರು, ಅದರ ಪಕ್ಕ ಬ್ಯಾಂಕಿನ ಜಾಹೀರಾತು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು, ಒಟ್ಟು 20 ಶರ್ಟು. ನಡುವೆಯೂ ಸುತ್ತಲೂ 2 ಇಂಚಿನ ಪಟ್ಟಿ. 58 ಇಂಚು ಅಗಲ, 72 ಇಂಚು ಉದ್ದ ಬರುತ್ತದೆ. ಒಬ್ಬರಿಗೆ ಸಾಕು. ಫ್ಯೂಸಿಂಗಿನ ಪನ್ನಾ, ಅಂದರೆ ಅಗಲ, 36 ಇಂಚು ಇದ್ದರೆ 4 ಮೀಟರ್ ತನ್ನಿ. ಮಕ್ಕಳ ಶರ್ಟು 13 ಇಂಚು ಬರುವುದಿಲ್ಲ, ಸುತ್ತ ಪಟ್ಟಿ ಕೊಟ್ಟು ಅಳತೆಗೆ ತನ್ನಿ. ಜೇಬಿನ ಹತ್ತಿರ ಸಣ್ಣ ಗುರುತು ಮಾತ್ರ ಇರುವ ಶರ್ಟುಗಳಿದ್ದರೆ ನಾಲ್ಕನ್ನು ಕೂಡಿಸಿ ಒಂದು ಚೌಕ ಮಾಡಬಹುದು.

ಬೆನ್ನಿಗೆ ಕಾಟನ್ ಬಟ್ಟೆ. ನಾನು ಮಂಗಳದಾಸ್ ಮಾರ್ಕೆಟ್ಟಿನಿಂದ ತಂದೆ. ಹೋದರೆ ಬೇಗ ಬರುವ ಜಾಗ ಅಲ್ಲ ಅದು, ಅರ್ಧ ದಿನ ಇಟ್ಟುಕೊಳ್ಳಿ. ತಂದದ್ದನ್ನು ಮೊದಲು ಒಗೆದು ಒಣಗಿಸಿ. ಟೀ ಶರ್ಟುಗಳು ಕುಗ್ಗುವಷ್ಟು ಕುಗ್ಗಿ ಮುಗಿದಿವೆ, ಹೊಸ ಕಾಟನ್ ಇನ್ನೂ ಕುಗ್ಗಿಲ್ಲ. ಒಗೆಯದೆ ಹೊಲಿದರೆ ಮೊದಲ ಒಗೆತಕ್ಕೇ ಮೇಲ್ಮೈ ಬುಸ್ಸನೆ ಉಬ್ಬುತ್ತದೆ.

ನಡುವಿನ ಪದರಕ್ಕೆ ಅಮೆರಿಕದವರು ಹತ್ತಿಯ ಹಾಳೆ ಹಾಕುತ್ತಾರೆ. ನಮ್ಮ ಡೊಂಬಿವಲಿಯಲ್ಲಿ ಅದನ್ನು ಹೊದ್ದು ಮಲಗಿದರೆ ಬೆಳಿಗ್ಗೆ ಇಡ್ಲಿ ಆಗಿ ಏಳಬೇಕು. ಇಲ್ಲಿಯವರಿಗೆ ಒಂದು ಹಳೇ ಕಾಟನ್ ಸೀರೆ ಸಾಕು. ಪುಣೆ ಬೇರೆ, ಡಿಸೆಂಬರಿನಲ್ಲಿ ರಾತ್ರಿ ಹತ್ತು ಡಿಗ್ರಿಯ ಹತ್ತಿರ ಇಳಿಯುತ್ತದೆ. ಅದಕ್ಕೆ ನಾನು ಎರಡು ಹಳೇ ಬೆಡ್‌ಶೀಟು ಹಾಕಿದೆ. ಅದರ ಜೊತೆಗೆ ಇನ್ನೂ ಸ್ವಲ್ಪ ಹಾಕಿದೆ, ಹೇಳುತ್ತೇನೆ. ಮೂರೂ ಪದರ ನೆಲದ ಮೇಲೆ ಹಾಸಿ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಪಟ್ಟಿಗುಂಟ ಕೈಯಲ್ಲೇ ಸಾಲು ಹೊಲಿಗೆ. ದಪ್ಪ ಪ್ರಿಂಟಿನೊಳಗೆ ಸೂಜಿ ತೂರಿಸಬೇಡಿ. ಬಟ್ಟೆಯ ತೂತು ಕೂಡಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿನದ್ದು ಕೂಡುವುದಿಲ್ಲ. ಪ್ರಿಂಟು ಇಲ್ಲದ ಕಡೆ ಒಂದೊಂದು ಗಂಟು ಹಾಕಿದರೆ ಪದರ ಸರಿಯುವುದಿಲ್ಲ.

ಈಗ ಆ ಮೂಲೆ.

ಮೂವತ್ತೇಳರಲ್ಲಿ ಇಪ್ಪತ್ತು ಆರಿಸಬೇಕಿತ್ತು. ನಾನು ಆರಿಸಿದ್ದು ಪ್ರಿಂಟು ನೋಡಿ. ಓದಲು ಏನಾದರೂ ಇರುವುದೆಲ್ಲ ಮೇಲೆ ಬಂತು. ಒಂದು ನೀಲಿ ಶರ್ಟಿತ್ತು. ಮುಂದೆಯೂ ಏನಿಲ್ಲ, ಹಿಂದೆಯೂ ಏನಿಲ್ಲ. ಬಣ್ಣ ಮಾಸಿ ಹಳೇ ಬಕೆಟ್ಟಿನ ಹಾಗೆ ಆಗಿತ್ತು. ಕಂಕುಳಲ್ಲಿ ಹರಿದಿತ್ತು. ಅವ್ವನ ಲೆಕ್ಕ ನೆನಪಾಯಿತು, ತೋರಿಸಲಾಗದ್ದು ನಡುವಿಗೆ. ಅದನ್ನು ಹರಿದು ಎಡಮೂಲೆಯ ಒಳಗೆ ಹಾಸಿದೆ. ಕಾಲರಿನ ದಪ್ಪ ಪಟ್ಟಿಯನ್ನೂ ತೆಗೆಯಲಿಲ್ಲ, ಸೋಮಾರಿತನ. ಮೇಲೆ ಹೊಲಿದು ಮುಗಿಸಿದೆ.

ಮಗಳು ದೀಪಾವಳಿಗೆ ಬಂದಳು. ಕೌದಿ ಹಾಸಿ ತೋರಿಸಿದೆ. ಖುಷಿಪಟ್ಟಳು, ಫೋಟೋ ತೆಗೆದಳು, ಒಂದೊಂದೇ ಚೌಕ ಓದಿದಳು. ಓದಿ ಮುಗಿಸಿ, "ನೀಲಿದು ಎಲ್ಲಮ್ಮಾ?" ಅಂದಳು.

ಅದು ಅವಳು ಹತ್ತನೇ ಕ್ಲಾಸಿನಿಂದ ರಾತ್ರಿ ಓದುವಾಗ ಹಾಕಿಕೊಳ್ಳುತ್ತಿದ್ದ ಶರ್ಟು. ಜ್ವರ ಬಂದರೂ ಅದೇ, ಪರೀಕ್ಷೆಯ ಹಿಂದಿನ ರಾತ್ರಿಯೂ ಅದೇ. ಎಷ್ಟು ಸಲ ನಾನೇ ಒಗೆದಿದ್ದೇನೆ! ನನ್ನ ಕೈಗೆ ಗೊತ್ತಿತ್ತು, ಆರಿಸುವಾಗ ಕಣ್ಣು ಮುಂದೆ ಹೋಯಿತು. ಫೆಸ್ಟಿನ ಶರ್ಟುಗಳನ್ನು ಅವಳು ಹಾಕಿದ್ದು ತಲಾ ಒಂದು ದಿನ, ಎರಡು ದಿನ.

"ಒಳಗಿದೆ" ಅಂದೆ. ಮೂಲೆ ತೋರಿಸಿದೆ. ಅವಳು ಮುಟ್ಟಿ ನೋಡಿ, ಕಾಲರಿನ ಗಂಟು ಹಿಡಿದು, ಏನೂ ಹೇಳಲಿಲ್ಲ. ಬಿಚ್ಚಿ ಮೇಲೆ ಹಾಕ್ತೀನಿ ಅಂದೆ. ಬೇಡ ಅಂದಳು. ಈಗ ಮಲಗುವಾಗ ಆ ಮೂಲೆಯನ್ನೇ ತಲೆಯ ಕಡೆ ಮಾಡಿಕೊಳ್ಳುತ್ತಾಳಂತೆ. ಪ್ರಿಂಟುಗಳೆಲ್ಲ ತಲೆಕೆಳಗು.

ಹಾಗಾಗಿ ನನ್ನ ಹತ್ತಿರ ಯಾರೇ ಚೀಲ ತಂದರೂ ನಾನು ಮೊದಲು ಕೇಳುವುದು, ಮನೆಯಲ್ಲಿ ಹಾಕ್ಕೊಳ್ಳೋದು ಎಲ್ಲಿ ಅಂತ. ನಮ್ಮ ಬಿಲ್ಡಿಂಗಿನ ಅಕ್ಕ ಒಬ್ಬರು ಯಜಮಾನರು ತೀರಿಕೊಂಡ ಎರಡನೇ ತಿಂಗಳಿಗೇ ಅವರ ಶರ್ಟು ತಂದರು. ಎಲ್ಲ ಮಡಚಿದ್ದು, ಎಲ್ಲ ಬರಹದ್ದು. ಮನೆಯದ್ದು ಕೇಳಿದ್ದಕ್ಕೆ, "ಅಯ್ಯೋ, ಅದು ತೂತು ತೂತು, ಗಿಡಕ್ಕೆ ನೀರು ಹಾಕುವಾಗ ಹಾಕ್ಕೊಳ್ತಿದ್ರು" ಅಂದರು. ಅದನ್ನೇ ತನ್ನಿ ಅಂದೆ. ತರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ, ಚೀಲಕ್ಕೆ ಕತ್ತರಿಯನ್ನೂ ಹಾಕಲಿಲ್ಲ. ಹತ್ತು ತಿಂಗಳು ನನ್ನ ಮಂಚದ ಕೆಳಗಿತ್ತು. ಬಟ್ಟೆಗೆ ಒಮ್ಮೆ ಕತ್ತರಿ ಬಿದ್ದರೆ ಮತ್ತೆ ಅಂಗಿ ಆಗುವುದಿಲ್ಲ ನೋಡಿ. ಸತ್ತವರದ್ದಾದರೆ ತಡ ಮಾಡಿ, ನನ್ನ ಸಲಹೆ ಇದು. ಆಮೇಲೆ ಒಂದು ದಿನ ಆ ತೂತಿನದ್ದನ್ನು ಅವರೇ ತಂದುಕೊಟ್ಟರು. ತೂತನ್ನು ಮುಚ್ಚದೆ ಅಡಿಗೆ ಹಸಿರು ಬಟ್ಟೆ ಕೊಟ್ಟು ಸುತ್ತ ಹೊಲಿದೆ. ನಡುವಿನ ಚೌಕ ಅದೇ.

ಅಮೆರಿಕದಲ್ಲಿ ಏಡ್ಸ್‌ನಿಂದ ಸತ್ತವರ ನೆನಪಿಗೆ ಇಂಥದ್ದೇ ಒಂದು ಹೊಲಿದರು. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಲ್ಲಿ ಅದನ್ನು ಹಾಸಿದಾಗ 1,920 ತುಂಡುಗಳಿದ್ದವು. ಒಂದೊಂದು 3 ಅಡಿಗೆ 6 ಅಡಿ, ಹೆಚ್ಚುಕಡಿಮೆ ಒಂದು ಗೋರಿಯ ಅಳತೆ. ಅದರಲ್ಲೂ ಸತ್ತವರ ಟೀ ಶರ್ಟು, ಜೀನ್ಸು ಹೊಲಿದದ್ದಿದೆ. ಮಾಡಿದವರಲ್ಲಿ ಸೂಜಿಯನ್ನೇ ಹಿಡಿಯದ ಗಂಡಸರೂ ಇದ್ದರು. ಹಿಂದೆ ಕೂತ ಕಾಕಾಗಳಿಗೆ ಇದು ಕೇಳಿಸಲಿ ಅಂತ ಹೇಳಿದೆ.

ಪ್ರಶ್ನೆ ಕೇಳಿದವರು ಬಹಳ. ಖರ್ಚು? ಫ್ಯೂಸಿಂಗ್, ಪಟ್ಟಿ, ಬೆನ್ನಿನ ಬಟ್ಟೆ, ದಾರ ಎಲ್ಲ ಸೇರಿ ನನಗೆ ಸಾವಿರದ ಐನೂರರ ಹತ್ತಿರ ಆಯಿತು. ಎಷ್ಟು ದಿನ? ದಿನಕ್ಕೆ ಎರಡು ಗಂಟೆಯಂತೆ ಒಂದು ತಿಂಗಳು. ಒಗೆಯುವುದು? ತಣ್ಣೀರು, ತಿರುಗಿಸಿ ಒಣಗಿಸಿ, ಬಿಸಿಲಿಗೆ ಪ್ರಿಂಟು ಒಡ್ಡಬೇಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ. ಹೊದೆಯುತ್ತಾ ಇದ್ದರೆ ಆ ತಾಪತ್ರಯವೇ ಇಲ್ಲ.

ಕೊನೆಗೆ ಒಬ್ಬ ಕಾಕಾ ಎದ್ದು ನಿಂತರು. "ನಾನು ಜನ್ಮದಲ್ಲಿ ಟೀ ಶರ್ಟು ಹಾಕಿದವನಲ್ಲಮ್ಮಾ. ಬನಿಯನ್ ಮಾತ್ರ. ಆಗುತ್ತಾ?"

ಎಲ್ಲರೂ ನಕ್ಕರು. ಆದರೆ ಬನಿಯನ್ನೂ ಅದೇ ಹೆಣೆದ ಬಟ್ಟೆ, ಇನ್ನೂ ತೆಳ್ಳಗೆ ಅಷ್ಟೇ. ಎರಡು ಬನಿಯನ್ ಒಂದರ ಮೇಲೊಂದಿಟ್ಟು ಫ್ಯೂಸಿಂಗ್ ಹಾಕಿದರೆ ಆಗುತ್ತದೆ, ಬಿಳಿಯ ನಡುವೆ ಬಣ್ಣದ ಪಟ್ಟಿ ಕೊಡಿ ಕಾಕಾ, ಚೆಂದ ಕಾಣುತ್ತದೆ ಅಂದೆ.

"ನಲವತ್ತು ಹಳೇ ಬನಿಯನ್ ಯಾರ ಹತ್ತಿರ ಇರುತ್ತೆ?" ಅಂದರು.

ಹೆಂಗಸರ ಸಾಲಿನಿಂದ ಅವರ ಮನೆಯವರು ತಿರುಗಿಯೂ ನೋಡದೆ ಹೇಳಿದರು, "ಮಾಳಿಗೆ ಮೇಲೆ ಗಂಟು ಕಟ್ಟಿಟ್ಟಿದ್ದೀನಿ. ನೆಲ ಒರೆಸೋಕೆ ಅಂತ."